ಮೂಡಿಗೆರೆ ಮಳೆಗೆ ದುಬಾರಿ ಐಪಿ68 ಫೋನ್ ಬೇಕೇ?

ಮಳೆಗೋಸ್ಕರ ಮಾತ್ರ ಅಂತಾದರೆ ಬೇಡ. ಐಪಿ68 ಅನ್ನುವುದು ಫೋನ್ ದೂಳು, ನೀರನ್ನು ಎಷ್ಟು ತಡೆಯುತ್ತದೆ ಎಂಬುದರ ಗುರುತು. ಅದರಲ್ಲಿ 6 ಅಂದರೆ ದೂಳು ಒಳಹೋಗದು. 8 ಅಂದರೆ ಕಂಪನಿ ಹೇಳಿದಷ್ಟು ಆಳದ ನಿಂತ ನೀರಲ್ಲಿ, ಹೇಳಿದಷ್ಟು ಹೊತ್ತು, ಹೊಸ ಫೋನ್ ತಡೆದುಕೊಂಡಿದೆ ಎಂದಷ್ಟೇ. ತಡೆಯುವುದು ಅಂಚಿನ ಅಂಟು ಮತ್ತು ರಬ್ಬರ್ ಪಟ್ಟಿ. ಫೋನ್ ಬಿದ್ದರೆ, ಹಳೆಯದಾದರೆ ಅವು ಸಡಿಲವಾಗುತ್ತವೆ. ಚಿಕ್ಕಮಗಳೂರಿಗೆ ಹೋಗಿ ಡಿಸ್‌ಪ್ಲೇ ಬದಲಿಸಿದಾಗ ಹೊಸ ಅಂಟುಪಟ್ಟಿ ಹಾಕದಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ನೀರು ಹೊಕ್ಕರೆ ಸಾಮಾನ್ಯವಾಗಿ ವಾರಂಟಿಯೂ ಸಿಗದು. ಕೊಳ್ಳುವಾಗ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ತೋಟದ ಫೋನಿಗೆ ನಿಜವಾದ ಶತ್ರು ಒದ್ದೆ ಚಾರ್ಜಿಂಗ್ ಪಾಯಿಂಟ್. ಹಾಗೇ ಚಾರ್ಜಿಗಿಟ್ಟರೆ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ತೂತು ಕೆಳಮುಖವಾಗಿ ಹಿಡಿದು ತಟ್ಟಿ, ಗಾಳಿಗೆ ಪೂರ್ತಿ ಒಣಗಲು ಬಿಡಿ. ಅಕ್ಕಿಯಲ್ಲಿ ಹೂಳಬೇಡಿ, ಪುಡಿ ಒಳಸೇರುತ್ತದೆ. ಸಾಧಾರಣ ಫೋನ್, ಮೇಲೊಂದು ಜಿಪ್ ಪ್ಲಾಸ್ಟಿಕ್ ಕವರ್: ಕಂಬಳಿಕೊಪ್ಪೆಯೊಳಗೆ ಇಷ್ಟು ಸಾಕು.