ನಗರದ ಹೊಸ ಕೇಂದ್ರಗಳ ಗುರುತು

ಪ್ರಶ್ನೆ: ಬೆಳೆಯುತ್ತಿರುವ ನಗರದಲ್ಲಿ ಹಳೆಯ ಪೇಟೆಯಾಚೆ ಹುಟ್ಟಿಕೊಂಡ ಕೇಂದ್ರಗಳನ್ನು ಗುರುತಿಸುವುದು ಹೇಗೆ? ಎತ್ತರದ ಕಟ್ಟಡಗಳಿದ್ದರೆ ಸಾಕೇ?

ಉತ್ತರ: ಸಾಲದು. ಅಲ್ಲಿಗೆ ದಿನವೂ ಎಷ್ಟು ಜನ ದುಡಿಯಲು ಬರುತ್ತಾರೆ ಎಂಬುದೇ ಮುಖ್ಯ. ಲಾಸ್ ಏಂಜಲೀಸ್ ಪ್ರದೇಶವನ್ನು ಕುರಿತ 1991ರ ಅಧ್ಯಯನದಲ್ಲಿ ಸಂಶೋಧಕರಾದ ಜೂಲಿಯಾನೊ ಮತ್ತು ಸ್ಮಾಲ್ ಅವರು, ಎಕರೆಗೆ ಕನಿಷ್ಠ 10 ಉದ್ಯೋಗಗಳಿರುವ ಅಕ್ಕಪಕ್ಕದ ವಲಯಗಳನ್ನು ಕೂಡಿಸಿ, ಒಟ್ಟು 10,000 ಉದ್ಯೋಗಗಳನ್ನು ಮುಟ್ಟಿದ ಗುಂಪನ್ನು ಮಾತ್ರ ಕೇಂದ್ರವೆಂದು ಪರಿಗಣಿಸಿದರು. ಈ ಮಿತಿಯನ್ನು ಎಲ್ಲ ನಗರಗಳಿಗೂ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಹಳೆಯ ಕೇಂದ್ರದಿಂದ ದೂರ ಸರಿದಂತೆ ಉದ್ಯೋಗಗಳ ಸಾಂದ್ರತೆ ಸಾಮಾನ್ಯವಾಗಿ ಇಳಿಯುವುದರಿಂದ, ಆಯಾ ದೂರದಲ್ಲಿ ನಿರೀಕ್ಷಿಸಬಹುದಾದ ಮಟ್ಟಕ್ಕಿಂತ ಸ್ಪಷ್ಟವಾಗಿ ಮೇಲಿರುವ ತಾಣಗಳನ್ನು ಹುಡುಕುವ ವಿಧಾನವೇ ನನಗೆ ಹೆಚ್ಚು ನಂಬಲರ್ಹವೆನಿಸುತ್ತದೆ. ಬೃಹತ್ ಕಾರ್ಖಾನೆಯೊಂದೇ ಇರುವ ಜಾಗವೂ ಈ ಲೆಕ್ಕದಲ್ಲಿ ತೇರ್ಗಡೆಯಾದೀತು. ಆದರೆ ಖರೀದಿಗೆ, ಚಿಕಿತ್ಸೆಗೆ, ಕಲಿಕೆಗೆ ಸುತ್ತಲಿನವರು ಅಲ್ಲಿಗೆ ಬರದಿದ್ದರೆ ಅದನ್ನು ನಗರಕೇಂದ್ರವೆಂದು ಕರೆಯಲು ನಾನು ಒಪ್ಪುವುದಿಲ್ಲ.