ಸಂಕಕ್ಕೆ ಸಿಮೆಂಟ್ ಮೆತ್ತಬೇಡಿ

ಪ್ರಶ್ನೆ: ನಮ್ಮೂರ ತೋಡಿಗೆ (ಹಳ್ಳಕ್ಕೆ) ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಎರಡು ಕಮಾನಿನ ಹಳೆ ಸಂಕ (ಸಣ್ಣ ಸೇತುವೆ) ಇದೆ. ಗಾರೆ ಉದುರುತ್ತಿದೆ, ಸಂದಿಯಲ್ಲಿ ಗೋಳಿ ಗಿಡ ಹುಟ್ಟಿದೆ. ಕೆಡವಿ ಸ್ಲ್ಯಾಬ್ ಹಾಕೋಣ ಅಂತ ಕೆಲವರು, ಸಿಮೆಂಟ್ ಸಾರಣೆ ಮಾಡಿದರೆ ಸಾಕು ಅಂತ ಕೆಲವರು. ಯಾವುದು ಸರಿ?
– ಓದುಗರು, ಬದಿಯಡ್ಕ

ಎರಡೂ ಬೇಡ. ಸಿಮೆಂಟ್ ಮೆತ್ತುವುದೆಂದರೆ ನಿಧಾನವಾಗಿ ಕೆಡವಿದ ಹಾಗೇ.

ಮುರಕಲ್ಲು ಮಳೆನೀರು ಕುಡಿಯುವ ಕಲ್ಲು. ನಮ್ಮ ಕಡೆ ಹಿಂದೆ ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ ಹಾಕುತ್ತಿದ್ದರು, ಅದು ಕುಡಿದ ನೀರನ್ನು ಮೆಲ್ಲಗೆ ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡೋದಿಲ್ಲ. ನೀರು ಒಳಗೇ ನಿಂತು, ಹೊರಗಿನ ಸಾರಣೆ ಗಟ್ಟಿಯಾಗಿ ಕಾಣುತ್ತಿರುವಾಗಲೇ ಹಿಂದಿನ ಕಲ್ಲು ಪುಡಿಯಾಗುತ್ತಾ ಹೋಗುತ್ತದೆ. ಹಾಗಾಗಿ ಉದುರಿದ ಕಡೆ ಸುಣ್ಣದ ಗಾರೆಯನ್ನೇ ತುಂಬಿಸಿ.

ಗೋಳಿ ಗಿಡವನ್ನು ಎಳೆದು ಕೀಳಬೇಡಿ, ಬೇರಿನ ಜೊತೆ ಕಲ್ಲೂ ಬಂದೀತು. ಬುಡಕ್ಕೆ ಕತ್ತರಿಸಿ, ಬೇರನ್ನು ಅಲ್ಲೇ ಸಾಯಿಸಬೇಕು. ಮಳೆಗಾಲದ ಮುಂಚೆ ಕಮಾನಿಗೆ ಸಿಕ್ಕಿಕೊಂಡ ಕಸ, ಮರದ ದಿಮ್ಮಿ ತೆಗೆಸಿ. ಕಂಬದ ಬುಡದಲ್ಲಿ ಮಣ್ಣು ಕೊಚ್ಚಿಹೋಗಿದೆಯಾ ಅಂತ ಬೇಸಿಗೆಯಲ್ಲೇ ನೋಡಿಸಿ, ಯಾಕೆಂದರೆ ಇಂಥ ಸಂಕ ಬೀಳುವುದು ಜಾಸ್ತಿ ಬುಡದಿಂದಲೇ. ಕೆಂಪುಕಲ್ಲಿನ ಲಾರಿಗಳಿಗೆ ಬೇರೆ ದಾರಿ ತೋರಿಸಿ. (ಇದಕ್ಕೆ ಊರಲ್ಲಿ ಜಗಳ ಆಗುತ್ತದೆ, ಗೊತ್ತು.)

ತೋಡು ಬತ್ತಿದಾಗ ಒಮ್ಮೆ ಕಮಾನಿನಡಿ ನಿಂತು ತಲೆ ಎತ್ತಿ ನೋಡಿ. ಕಲ್ಲುಗಳು ಮೇಲೆ ಅಗಲ, ಕೆಳಗೆ ಕಿರಿದು. ಮೇಲಿಂದ ಭಾರ ಬಿದ್ದಷ್ಟೂ ಒಂದನ್ನೊಂದು ಒತ್ತಿ ಹಿಡಿಯುತ್ತವೆ, ಭಾರ ಎರಡೂ ಬದಿಗೆ ಇಳಿಯುತ್ತದೆ. ನೆತ್ತಿಯ ಕಲ್ಲು ಕೂರುವ ತನಕ ಅಡಿಯಲ್ಲಿ ಮರದ ಅಚ್ಚು ಇರುತ್ತಿತ್ತು, ಆಮೇಲೆ ತೆಗೆಯುತ್ತಿದ್ದರು. ಕಲ್ಲಿನ ಮೈಮೇಲೆ ಕೈಯಲ್ಲಿ ಕೆತ್ತಿದ ಓರೆ ಗೆರೆಗಳು ಉಳಿದಿದ್ದರೂ ಉಳಿದಿರಬಹುದು. ಈಗಿನ ಮೆಷಿನ್ ಕಲ್ಲಿನಲ್ಲಿ ಆ ಗೆರೆ ಸಿಗೋದಿಲ್ಲ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆಯೂ ಇದೇ ಕಲ್ಲಿನದ್ದು. ಅದಕ್ಕೆ ಟಿಕೆಟ್ ಇದೆ, ಬೋರ್ಡ್ ಇದೆ. ನಿಮ್ಮ ಸಂಕಕ್ಕೆ ಏನೂ ಇಲ್ಲ ಅಂದಮಾತ್ರಕ್ಕೆ ಅದರ ಕೆಲಸಗಾರಿಕೆ ಕಡಿಮೆ ಆಗೋದಿಲ್ಲ ಅಲ್ವಾ?

ಸಂಕ ಯಾವ ಕಾಲದ್ದು ಅಂತ ಹುಡುಕುವುದಾದರೆ ತಿರುವನಂತಪುರ ಒಂದೇ ಸಾಲದು. 1956ರ ನವೆಂಬರ್ 1ರ ತನಕ ನಿಮ್ಮ ಕಾಸರಗೋಡು ಆಗಿನ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಅದಕ್ಕೂ ಹಿಂದಿನ ಕಡತಕ್ಕೆ ಮಂಗಳೂರು, ಚೆನ್ನೈ ಕಡೆಯೂ ಕೇಳಬೇಕು. ಅಳತೆ, ಫೋಟೋ ಸೇರಿಸಿ ಕೇರಳದ ಪುರಾತತ್ವ ಇಲಾಖೆಗೆ ಅರ್ಜಿ ಕೊಡಿ, ಒಂದು ಪ್ರತಿ ಪಂಚಾಯತಿಗೂ ಇರಲಿ.

ಪ್ರಶ್ನೆ: ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೆ ಕಮಾನೇ ಇಲ್ಲವಲ್ಲ, ಅದು ಹೇಗೆ ನಿಂತಿದೆ?
– ಓದುಗರು, ಮಂಜೇಶ್ವರ

ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ್ದು ಅದು. ಸಾಲು ಸಾಲು ಕಲ್ಲಿನ ಕಂಬ, ಮೇಲೆ ಕಲ್ಲಿನದ್ದೇ ತೊಲೆ. ಆ ಕಡೆಯ ಕರಿಕಲ್ಲಿನಲ್ಲಿ ಉದ್ದ ತೊಲೆ ಸೀಳಬಹುದು. ಆದರೂ ಕಂಬಗಳು ಹತ್ತಿರ ಹತ್ತಿರ ಇರಲೇಬೇಕು, ಅದಕ್ಕೇ ಅಷ್ಟೊಂದು ಕಂಬ. ನಮ್ಮ ಮುರಕಲ್ಲಿನ ತೊಲೆ ಹಾಗೆ ಇಟ್ಟರೆ ನಡುವಿಗೇ ಮುರಿಯುತ್ತದೆ, ಆದ್ದರಿಂದ ಇಲ್ಲಿ ಕಮಾನು.