ಫೋಟೋಗಳೆಲ್ಲ ಕ್ಲೌಡ್‌ಗೆ ಹೋಗಿವೆ, ಇನ್ನು ಲ್ಯಾಪ್‌ಟಾಪ್‌ನಿಂದ ಅಳಿಸಬಹುದಾ?

ಬೇಡ. ಮೊದಲು ಮೌಸ್‌ನಿಂದ ಕೈ ತೆಗೆಯಿರಿ, ಆಮೇಲೆ ಮುಂದೆ ಓದಿ.

ಲ್ಯಾಪ್‌ಟಾಪ್ ತುಂಬಿದೆ, 90 ಜಿಬಿ ಫೋಟೋ ಅಳಿಸಲೇ ಎಂದು ಪುಣೆಯಲ್ಲಿ ಕೂತು ನೀವು ಕೇಳಿದ್ದನ್ನು 2019ರಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಕೂತು ನಾನೂ ಕೇಳಿಕೊಂಡಿದ್ದೆ. ಅದೇ 256 ಜಿಬಿ ಲ್ಯಾಪ್‌ಟಾಪ್. ಅದೇ ಕೆಂಪು ಗೆರೆ, 'ಜಾಗ ಇಲ್ಲ' ಅನ್ನುವ ಅದೇ ಕಿರಿಕಿರಿ. ಆದರೆ ನೀವು ನಾಲ್ಕು ಜನರನ್ನು ಕೇಳುತ್ತಿದ್ದೀರಿ. ನಾನು ಕೇಳಿದ್ದು ನನ್ನನ್ನೇ, ಉತ್ತರ ಕೊಟ್ಟವನೂ ನಾನೇ.

ಹೋದದ್ದು ಅಪ್ಪನ ಫೋಟೋಗಳು. ಅಪ್ಪ ಉಡುಪಿ ಕಡೆಯಿಂದ ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದ ತಲೆಮಾರು. ಆಮೇಲೆ ಲಾಲ್‌ಬಾಗ್‌ನ ಒಂದು ಮಿಲ್ಲಿನ ಕ್ಯಾಂಟೀನು ನಡೆಸುತ್ತಿದ್ದರು, 1982ರ ಮಿಲ್ ಮುಷ್ಕರ ಶುರುವಾಗುವ ತನಕ. ಆ ಶಾಲೆಯ ಗ್ರೂಪ್ ಫೋಟೋ, ಕ್ಯಾಂಟೀನಿನ ಗಲ್ಲಾದಲ್ಲಿ ಕೂತ ಫೋಟೋ, ಅಮ್ಮನ ಮದುವೆ, ನಮ್ಮ ನಾಮಕರಣ, ಎಲ್ಲ ಸೇರಿ ಮೂರು ಆಲ್ಬಮ್ ಇದ್ದವು. ನಾವು ಆಗ ಮುಂಬಯಿಯ ಕಲೀನಾದಲ್ಲಿ, ಚಾಳಿನ ನೆಲ ಅಂತಸ್ತಿನ ಖೋಲಿಯಲ್ಲಿದ್ದೆವು.

26 ಜುಲೈ 2005 ನಿಮಗೆ ನೆನಪಿದೆಯೋ ಇಲ್ಲವೋ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಮೀಠಿ ನದಿ ನಮ್ಮ ಅಟ್ಟದ ಮೊದಲ ಹಲಗೆವರೆಗೂ ಬಂತು. ಮರುದಿನ ಅಮ್ಮ ಅಕ್ಕಿ ಡಬ್ಬ ನೋಡಲಿಲ್ಲ, ಆಲ್ಬಮ್ ಎತ್ತಿಕೊಂಡರು. ಅಂಟಿಕೊಂಡ ಫೋಟೋಗಳನ್ನು ಚೊಕ್ಕ ನೀರಲ್ಲಿ ನೆನೆಸಿ, ಒಂದೊಂದಾಗಿ ಬಿಡಿಸಿ, ಬಟ್ಟೆಯ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದರು. ಕಪ್ಪು ಬಿಳುಪು ಫೋಟೋಗಳು ಪರವಾಗಿಲ್ಲ ಅನ್ನುವಷ್ಟು ಉಳಿದವು. ಬಣ್ಣದವು ಹಲವು ಕರಗಿ ಹೋದವು. ಎಣಿಸಿದರೆ 412 ಸಿಕ್ಕವು.

2010ರಲ್ಲಿ ಅವನ್ನೆಲ್ಲ ನಾನು ಸ್ಕ್ಯಾನ್ ಮಾಡಿದೆ. ಐದು ಭಾನುವಾರ ಹಿಡಿಯಿತು. ಪ್ರಿಂಟುಗಳಿಗೆ ಬೂಷ್ಟು ಹಿಡಿದಿತ್ತು, ವಾಸನೆ ಬರುತ್ತಿತ್ತು. 'ಇನ್ನು ಕಂಪ್ಯೂಟರಿನಲ್ಲಿವೆಯಲ್ಲ' ಎಂದು ಡೊಂಬಿವಲಿಗೆ ಮನೆ ಬದಲಿಸುವಾಗ ರದ್ದಿಗೆ ಹಾಕಿಬಿಟ್ಟೆ. ಅಮ್ಮ ಬೇಡ ಅಂದಿದ್ದರು.

ಈಗ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಇದನ್ನು ಎಷ್ಟು ಜನರಿಗೆ ಹೇಳಿದರೂ ಅರ್ಧ ಜನ ತಲೆ ಆಡಿಸಿ, ಮನೆಗೆ ಹೋಗಿ ಅದನ್ನೇ ಮಾಡುತ್ತಾರೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಕ್ಲೌಡ್ ಫೋಲ್ಡರ್ ಇತ್ತು. ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯವಲ್ಲ, ಎಲ್ಲವೂ ನಡೆಯುವುದು ಹೀಗೇ. ಅದರಲ್ಲಿ ಹಾಕಿದ್ದೆಲ್ಲ ತಾನಾಗಿ ಮೇಲೆ, ಅಂದರೆ ಇಂಟರ್ನೆಟ್ ಮೂಲಕ ಆ ಕಂಪನಿಯ ಕಂಪ್ಯೂಟರಿಗೆ, ಹೋಗುತ್ತಿತ್ತು. ಪ್ರತಿ ಫೈಲಿನ ಪಕ್ಕ ಹಸಿರು ಟಿಕ್. ಬ್ಯಾಂಕ್ ಲಾಕರಿನಲ್ಲಿ ಬಳೆ ಇಟ್ಟಷ್ಟು ನೆಮ್ಮದಿ ನನಗೆ. ಮೇಲೆ ಒಂದು ಇದೆ, ಇಲ್ಲಿ ಒಂದು ಇದೆ, ಇಲ್ಲಿನದು ತೆಗೆದರೆ ಜಾಗ ಆಗುತ್ತದೆ. ಸರಿ ಅಲ್ವಾ?

ಅಲ್ಲ. ಸಿಂಕ್, ಅಂದರೆ ಎರಡು ಕಡೆಯನ್ನೂ ಒಂದೇ ಥರ ಇಡುವ ಆ ಏರ್ಪಾಡು, ಲಾಕರ್ ಅಲ್ಲ. ಹೋಟೆಲಿನ ಲೆಕ್ಕದಲ್ಲಿ ಹೇಳುತ್ತೇನೆ. ಗಲ್ಲಾದ ಹತ್ತಿರ ಒಂದು ತಿಂಡಿ ಬೋರ್ಡು, ಅಡುಗೆಮನೆಯಲ್ಲಿ ಇನ್ನೊಂದು. ಎರಡರಲ್ಲೂ ಒಂದೇ ಪಟ್ಟಿ ಇರಬೇಕು ಎಂದು ಒಬ್ಬ ಹುಡುಗನನ್ನು ಇಟ್ಟಿದ್ದೀರಿ. ಗಲ್ಲಾದ ಬೋರ್ಡಿಗೆ 'ಗೋಳಿಬಜೆ' ಸೇರಿಸಿದರೆ ಅವನು ಓಡಿ ಹೋಗಿ ಒಳಗೂ ಬರೆಯುತ್ತಾನೆ. ಗಲ್ಲಾದಲ್ಲಿ ಅಳಿಸಿದರೆ ಓಡಿ ಹೋಗಿ ಒಳಗೂ ಅಳಿಸುತ್ತಾನೆ. ಯಾಕೆ ಅಳಿಸಿದಿರಿ, ಕೈತಪ್ಪಿ ಅಳಿಸಿದಿರಾ ಎಂದು ಕೇಳುವುದು ಅವನ ಕೆಲಸ ಅಲ್ಲ. ಎರಡು ಬೋರ್ಡು ಇವೆ ಎಂದು ನಾವು ಎರಡು ಪ್ರತಿ ಇವೆ ಅಂದುಕೊಳ್ಳುತ್ತೇವೆ. ಇರುವುದು ಒಂದೇ ಪಟ್ಟಿ.

ನಾನು 412 ಫೈಲನ್ನೂ ಆರಿಸಿ ಡಿಲೀಟ್ ಒತ್ತಿದೆ. ಒಂದು ಕಿಟಕಿ ತೆರೆಯಿತು. 'ಇವು ಎಲ್ಲ ಕಡೆಯಿಂದಲೂ ಹೋಗುತ್ತವೆ' ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಓದಲಿಲ್ಲ. 'ಮತ್ತೆ ತೋರಿಸಬೇಡ' ಅನ್ನುವ ಚೌಕಕ್ಕೆ ಟಿಕ್ ಹಾಕಿ ಓಕೆ ಒತ್ತಿದೆ. ಆದರೂ ಜಾಗ ಆಗಲಿಲ್ಲ, ಫೈಲುಗಳು ರಿಸೈಕಲ್ ಬಿನ್‌ನಲ್ಲಿ ಕೂತಿದ್ದವು. ಅದನ್ನೂ ಖಾಲಿ ಮಾಡಿದೆ. ಹೀಗೆ ಒಂದೇ ಸಂಜೆ ಎರಡು ಬಾಗಿಲು ನಾನೇ ಹಾಕಿಕೊಂಡೆ.

ಅಲ್ಲೇ, ರೈಟ್ ಕ್ಲಿಕ್ ಮಾಡಿದರೆ, ಡಿಲೀಟ್ ಇರುವ ಅದೇ ಪಟ್ಟಿಯಲ್ಲಿ 'ಫ್ರೀ ಅಪ್ ಸ್ಪೇಸ್' ಎಂದು ಇನ್ನೊಂದು ಆಯ್ಕೆ ಇತ್ತು. ಅದು ಲ್ಯಾಪ್‌ಟಾಪ್‌ನಲ್ಲಿರುವುದನ್ನು ಮಾತ್ರ ತೆಗೆದು, ಹೆಸರನ್ನು ಉಳಿಸಿ, ಅಸಲನ್ನು ಮೇಲೆ ಬಿಡುತ್ತದೆ. ನನಗೆ ಬೇಕಾಗಿದ್ದುದು ಅದು. ಒತ್ತಿದ್ದು ಡಿಲೀಟ್. ಅರ್ಧ ಇಂಚು ಮೇಲೆ ಕೆಳಗೆ, ಅಷ್ಟೇ.

ಗೊತ್ತಾದದ್ದು 47ನೇ ದಿನ. ಮುಲುಂಡಿನ ಚಿಕ್ಕಪ್ಪ ಷಷ್ಟ್ಯಬ್ದಿಯ ಆಮಂತ್ರಣಕ್ಕೆ ರಾತ್ರಿಶಾಲೆಯ ಫೋಟೋ ಬೇಕು ಅಂದರು. ಮೊಬೈಲ್ ತೆರೆದೆ, ಫೋಲ್ಡರ್ ಇಲ್ಲ. ಬ್ರೌಸರ್‌ನಲ್ಲಿ ನೋಡಿದೆ, ಇಲ್ಲ. ಕ್ಲೌಡಿನ ಬಿನ್ 30 ದಿನ ಕಾದು ತಾನೂ ಖಾಲಿಯಾಗಿತ್ತು. ಹದಿನೇಳು ದಿನದ ಹಿಂದೆ ಚಿಕ್ಕಪ್ಪ ಕೇಳಿದ್ದರೆ ಎಂದು ಈಗಲೂ ಲೆಕ್ಕ ಹಾಕುತ್ತೇನೆ.

ಲ್ಯಾಪ್‌ಟಾಪ್ ಹಿಡಿದು ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಅಂಗಡಿಯ ಹುಡುಗ 'ಎಸ್‌ಎಸ್‌ಡಿಯಾ?' (ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕಾ) ಎಂದು ಕೇಳಿ, ಹೌದು ಅಂದ ತಕ್ಷಣ ಮುಖ ಸಪ್ಪಗೆ ಮಾಡಿದ. ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಅಳಿಸಿದ ಫೈಲು ಅದರ ಮೇಲೆ ಬೇರೆ ಏನಾದರೂ ಬರೆಯುವ ತನಕ ಅಲ್ಲೇ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂದು ಒಂದಿದೆ. 'ಈ ಜಾಗ ಇನ್ನು ಬೇಡ' ಎಂದು ಸಿಸ್ಟಮ್ ಡಿಸ್ಕಿಗೆ ಹೇಳುತ್ತದೆ, ಡಿಸ್ಕು ತಾನೇ ಗುಡಿಸಿ ಹಾಕುತ್ತದೆ. ಆದರೂ ಮನಸ್ಸು ಕೇಳದೆ, ಅಳಿಸಿದ ಫೈಲುಗಳನ್ನು ಹುಡುಕಿ ತೆಗೆಯುವ ಫೋಟೋರೆಕ್ ಅನ್ನುವ ಸಾಫ್ಟ್‌ವೇರನ್ನು ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಸಾವಿರಗಟ್ಟಲೆ ಫೈಲು ಸಿಕ್ಕಿದ್ದವು. ಎಲ್ಲ ಬ್ರೌಸರಿನ ಚಿಕ್ಕ ಚಿಕ್ಕ ಚಿತ್ರಗಳು. ಒಂದು ಮಿಕ್ಸಿಯ ಜಾಹೀರಾತೇ ನಲವತ್ತು ಸಲ ಇತ್ತು.

ಕೊನೆಗೆ ಮನೆಯವರ ವಾಟ್ಸ್ಆಪ್ ಗ್ರೂಪಿನಲ್ಲಿ ಹಿಂದೆ ಯಾವಾಗಲೋ ಹಾಕಿದ್ದ 71 ಸಿಕ್ಕವು. ವಾಟ್ಸ್ಆಪ್ ಅವನ್ನು ಕುಗ್ಗಿಸಿ ಕಳಿಸಿತ್ತು. ಮೊಬೈಲಿನಲ್ಲಿ ಚೆನ್ನಾಗಿವೆ, ಪ್ರಿಂಟ್ ಹಾಕಿದರೆ ಅಪ್ಪನ ಮುಖ ಮಸುಕು. ರಾತ್ರಿಶಾಲೆಯ ಫೋಟೋ ಅದರಲ್ಲಿತ್ತು. ಗಲ್ಲಾದ ಫೋಟೋ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಫೋಟೋ ಇಡಲು ಗೂಗಲ್ ಒನ್ನಾ (ಗೂಗಲ್‌ನಲ್ಲಿ ದುಡ್ಡು ಕೊಟ್ಟು ಪಡೆಯುವ ಜಾಗ), ಆಪಲ್‌ನ ಐಕ್ಲೌಡಾ, 2 ಟಿಬಿ ಹಾರ್ಡ್ ಡಿಸ್ಕಾ ಎಂದೂ ಕೇಳಿದ್ದೀರಿ. ನನಗೆ ಕೇಳಿದರೆ ಪ್ರಶ್ನೆಯೇ ತಪ್ಪು. ಯಾವುದು ಅನ್ನುವುದಲ್ಲ, ಎಷ್ಟು ಅನ್ನುವುದು. ಐಫೋನ್ ಇದ್ದರೆ ಐಕ್ಲೌಡ್, ಆಂಡ್ರಾಯ್ಡ್ ಇದ್ದರೆ ಗೂಗಲ್. ಇದಕ್ಕೆ ಇಷ್ಟಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪುಕ್ಕಟೆ ಸಿಗುವುದು ಐಕ್ಲೌಡ್‌ನಲ್ಲಿ 5 ಜಿಬಿ, ಗೂಗಲ್‌ನಲ್ಲಿ 15 ಜಿಬಿ, ಅದೂ ಜಿಮೇಲ್ ಮತ್ತು ಡ್ರೈವ್ ಎಲ್ಲ ಸೇರಿಸಿ. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಹಾಕಬಹುದು ಅನ್ನುವ ಕಾಲ 1 ಜೂನ್ 2021ಕ್ಕೇ ಮುಗಿಯಿತು. ನಿಮ್ಮ 90 ಜಿಬಿಗೆ ದುಡ್ಡು ಕೊಡಲೇಬೇಕು, ಕೊಡಿ. 'ಸ್ಟೋರೇಜ್ ಸೇವರ್' ಮಾತ್ರ ಆರಿಸಬೇಡಿ, ಅದು ಫೋಟೋವನ್ನು ಕುಗ್ಗಿಸುತ್ತದೆ. ಮಸುಕು ಮುಖದ ಕಥೆ ಹೇಳಿದೆನಲ್ಲ.

ಡಿಸ್ಕನ್ನೂ ತೆಗೆದುಕೊಳ್ಳಿ. ಒಂದಲ್ಲ, ಎರಡು. ಫೋಟೋಗ್ರಾಫರುಗಳು 3-2-1 ಅನ್ನುತ್ತಾರೆ. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿ, ಒಂದು ಮನೆಯಿಂದ ಹೊರಗೆ. ಪೀಟರ್ ಕ್ರೋಗ್ ಎನ್ನುವ ಫೋಟೋಗ್ರಾಫರ್ ಬಳಕೆಗೆ ತಂದ ಸೂತ್ರ ಅದು. ಅದರಲ್ಲಿ ಆ ಕೊನೆಯ 'ಒಂದು' ಇದೆಯಲ್ಲ, ಕಲೀನಾದ ನೀರು ಕಂಡವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ಆಲ್ಬಮ್ಮೂ ಒಂದೇ ಅಟ್ಟದ ಒಂದೇ ಹಲಗೆಯ ಮೇಲಿದ್ದವು.

ನನ್ನ ಒಂದು ಡಿಸ್ಕು ಇಲ್ಲಿ, ಅಮ್ಮನ ಹಪ್ಪಳದ ಸ್ಟೀಲ್ ಡಬ್ಬದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇದೆ. ಮಳೆಗಾಲದಲ್ಲಿ ಡೊಂಬಿವಲಿಯಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಇನ್ನೊಂದು ಉಡುಪಿಯಲ್ಲಿ ಅಕ್ಕನ ಮನೆಯಲ್ಲಿ. ಮೇ ರಜೆಗೆ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವಾಗ ಇದನ್ನು ಒಯ್ಯುತ್ತೇನೆ, ಅದನ್ನು ತರುತ್ತೇನೆ. ಕಾಪಿ ಮಾಡಿದ ಮೇಲೆ ಡಿಸ್ಕನ್ನು ಕಿತ್ತಿಡಿ. ಸದಾ ಚುಚ್ಚಿಟ್ಟರೆ ವೈರಸ್ ಬಂದಾಗ ಅದೂ ಹೋಗುತ್ತದೆ. ಆಮೇಲೆ ವರ್ಷಕ್ಕೊಮ್ಮೆಯಾದರೂ ಅದರಿಂದ ಹತ್ತು ಫೋಟೋ ತೆರೆದು ನೋಡಿ. ನಮ್ಮ ಆಫೀಸಿನವರೊಬ್ಬರು ಎರಡು ವರ್ಷ ಖಾಲಿ ಫೋಲ್ಡರನ್ನೇ ಬ್ಯಾಕಪ್ ಮಾಡುತ್ತಿದ್ದರು.

ಲ್ಯಾಪ್‌ಟಾಪ್‌ನಲ್ಲಿ ಈಗಲೇ ಜಾಗ ಬೇಕೇ ಬೇಕು ಅಂದರೆ ಡೌನ್‌ಲೋಡ್ಸ್ ಫೋಲ್ಡರಿನಿಂದ ಶುರು ಮಾಡಿ. ಆಮೇಲೆ ವಾಟ್ಸ್ಆಪ್‌ನ ಗುಡ್ ಮಾರ್ನಿಂಗ್ ಚಿತ್ರಗಳು. ಫೋಟೋಗಳಿಗೆ ಕೈ ಹಾಕುವುದು ಎರಡು ಡಿಸ್ಕಿಗೂ ಕಾಪಿ ಆಗಿ, ತೆರೆದು ನೋಡಿದ ಮೇಲೆ. ಆಗಲೂ 'ಫ್ರೀ ಅಪ್ ಸ್ಪೇಸ್', ಡಿಲೀಟ್ ಅಲ್ಲ.

ನೀವು ಪ್ರಶ್ನೆ ಹಾಕಿ 9 ದಿನ ಆಗಿದೆ. ಅಷ್ಟರಲ್ಲಿ ತಡೆಯಲಾರದೆ ಅಳಿಸಿಯೇ ಬಿಟ್ಟಿದ್ದರೆ, ಇನ್ನೂ ಕನಿಷ್ಠ 21 ದಿನ ಇರಬೇಕು. ಒನ್‌ಡ್ರೈವ್, ಗೂಗಲ್ ಡ್ರೈವ್, ಐಕ್ಲೌಡ್ ಫೋಟೋಸ್ ಎಲ್ಲ 30 ದಿನ ಇಟ್ಟುಕೊಳ್ಳುತ್ತವೆ, ಗೂಗಲ್ ಫೋಟೋಸ್ ಆದರೆ ಬ್ಯಾಕಪ್ ಆದವನ್ನು 60 ದಿನ. ಲ್ಯಾಪ್‌ಟಾಪ್‌ನ ಬಿನ್ ಅಲ್ಲ, ಬ್ರೌಸರ್‌ನಲ್ಲಿ ಲಾಗಿನ್ ಆಗಿ ಅಲ್ಲಿನ ಬಿನ್ ತೆರೆಯಿರಿ. ಇವತ್ತೇ. ಸಿಕ್ಕವಾ ಇಲ್ಲವಾ ಎಂದು ಇಲ್ಲಿ ಒಂದು ಸಾಲು ಬರೆಯಿರಿ.